ಪಾರ್ಟ್ಸ್ ಆಫ್ ಸ್ಪೀಚ್: ವರ್ಬ್‌ನಿಂದ ಶುರು ಮಾಡಿ

ಇಂಗ್ಲಿಷ್ ಗ್ರಾಮರ್ ಕಲಿಯಬೇಕು ಅಂತ ಕೂತವರು ಸಾಮಾನ್ಯವಾಗಿ ಮೊದಲು ಪಾರ್ಟ್ಸ್ ಆಫ್ ಸ್ಪೀಚ್, ಅಂದರೆ ಪದಗಳ ಜಾತಿಗಳ ಎಂಟು ಹೆಸರುಗಳನ್ನು ಉರು ಹೊಡೆಯುತ್ತಾರೆ. ನೌನ್ (ನಾಮಪದ), ಪ್ರೊನೌನ್ (ಸರ್ವನಾಮ), ವರ್ಬ್ (ಕ್ರಿಯಾಪದ), ಅಡ್ಜೆಕ್ಟಿವ್, ಅಡ್ವರ್ಬ್, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್ಜೆಕ್ಷನ್. ಒಂದೊಂದಕ್ಕೂ ಒಂದು ವ್ಯಾಖ್ಯೆ, ಅದೂ ಬಾಯಿಪಾಠ. ಆಮೇಲೆ ಆಫೀಸಿನಿಂದ ಬಂದ ಒಂದು ಮೇಲ್ ಮುಂದಿಟ್ಟು ‘ಇದರಲ್ಲಿ ವರ್ಬ್ ಯಾವುದು?’ ಅಂತ ಕೇಳಿದರೆ ತಡವರಿಸುತ್ತಾರೆ.

ಈ ಲೇಖನ ಅಂಥವರಿಗೆ. ಕನ್ನಡ ಮಾಧ್ಯಮದಲ್ಲಿ ಓದಿ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಮಾಧ್ಯಮಕ್ಕೆ ಬಿದ್ದವರು, ಸಂಜೆ ಮಕ್ಕಳಿಗೆ ಹೋಂವರ್ಕ್ ಮಾಡಿಸುವ ಅಪ್ಪ ಅಮ್ಮ, ಎಲ್ಲರಿಗೂ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಓದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಆ ವಾಕ್ಯಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ನೀವೇ ಬರೆಯಿರಿ. ಸ್ಪೆಲ್ಲಿಂಗ್ ಅಭ್ಯಾಸವೂ ಆಗುತ್ತದೆ.

ಶುರುವಿಗೇ ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಕನ್ನಡದಲ್ಲಿ ಪದದ ಕೊನೆ ನೋಡಿದರೆ ಅದರ ಕೆಲಸ ಗೊತ್ತಾಗುತ್ತದೆ. ‘ರಾಮನನ್ನು’, ‘ರಾಮನಿಗೆ’, ‘ರಾಮನಿಂದ’ ಅಂದಾಗ ಪದ ಎಲ್ಲಿ ಕೂತರೂ ಗೊಂದಲ ಇಲ್ಲ. ‘ರಾಮನನ್ನು ಸೀತೆ ನೋಡಿದಳು’, ‘ಸೀತೆ ರಾಮನನ್ನು ನೋಡಿದಳು’, ಎರಡೂ ಒಂದೇ. ಇಂಗ್ಲಿಷ್‌ನಲ್ಲಿ ಆ ಕೊನೆಗಳು ಬಹುಪಾಲು ಉದುರಿಹೋಗಿವೆ. ಅಲ್ಲಿ ಪದ ಕೂತ ಜಾಗ ನೋಡಬೇಕು. ‘ಸೀತಾ ಸಾ ರಾಮ’ (‘ಸಾ’ ಅಂದರೆ ನೋಡಿದ್ದು) ಅನ್ನುವುದನ್ನು ತಿರುಗಿಸಿ ‘ರಾಮ ಸಾ ಸೀತಾ’ ಅಂದರೆ ಅರ್ಥವೇ ತಿರುಗುತ್ತದೆ. ಅದಕ್ಕೇ ‘ಈ ಪದ ನೌನಾ, ವರ್ಬಾ?’ ಅಂತ ಪದವನ್ನು ಒಂಟಿಯಾಗಿ ಹಿಡಿದು ಕೇಳಬೇಡಿ. ‘ಈ ವಾಕ್ಯದಲ್ಲಿ ಇದು ಏನು ಕೆಲಸ ಮಾಡುತ್ತಿದೆ?’ ಅಂತ ಕೇಳಿ.

‘ಬ್ಯಾಕ್’ ಅನ್ನೋ ಪದವನ್ನೇ ನೋಡಿ. ‘ಮೈ ಬ್ಯಾಕ್ ಹರ್ಟ್ಸ್’ ಅಂದರೆ ಬೆನ್ನು ನೋವು, ಅಲ್ಲಿ ಅದು ನೌನ್. ‘ಯೂಸ್ ದ ಬ್ಯಾಕ್ ಡೋರ್’ ಅಂದಾಗ ಬಾಗಿಲು ಎಂಥದ್ದು ಅಂತ ಹೇಳುತ್ತಿದೆ, ಅಡ್ಜೆಕ್ಟಿವ್. ‘ಕಮ್ ಬ್ಯಾಕ್’ ಅಂದಾಗ ಬರುವುದು ಹೇಗೆ, ಯಾವ ಕಡೆಗೆ ಅಂತ ಹೇಳುತ್ತಿದೆ, ಅಡ್ವರ್ಬ್. ‘ದೇ ಬ್ಯಾಕ್ಡ್ ಹಿಮ್’ ಅಂದರೆ ಅವನಿಗೆ ಬೆಂಬಲ ಕೊಟ್ಟರು, ವರ್ಬ್. ಪದ ಒಂದೇ, ಕೆಲಸ ನಾಲ್ಕು.

ನೀವು ಆಗಲೇ ವಿಂಗಡಿಸುತ್ತಿದ್ದೀರಿ

ಬೆಂಗಳೂರಿನ ಕನ್ನಡದಲ್ಲಿ ಇಂಗ್ಲಿಷ್ ಪದಗಳು ಎಷ್ಟು ಸೇರಿವೆ ಅಂತ ಹೇಳಬೇಕಿಲ್ಲ. ಅದರ ಬಗ್ಗೆ ಬೇಸರ ಪಡುವವರು ಇದ್ದಾರೆ. ಆದರೆ ಗ್ರಾಮರ್ ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಯಾಕಂದ್ರೆ ಆ ಪದಗಳಿಗೆ ನಾವು ಕನ್ನಡದ ಬಾಲ ಹಚ್ಚುತ್ತೇವೆ. ಯಾವ ಬಾಲ ಹಚ್ಚುತ್ತೇವೆ ಅನ್ನುವುದರಲ್ಲೇ ಪದದ ಜಾತಿಯ ಸುಳಿವು ಇದೆ.

‘ಬಸ್ಸಿಗೆ’, ‘ಬಸ್ಸಲ್ಲಿ’, ‘ಬಸ್ಸುಗಳು’ ಅನ್ನುತ್ತೇವೆ. ವಿಭಕ್ತಿ ಪ್ರತ್ಯಯ ಹತ್ತಿತು, ಬಹುವಚನ ಹತ್ತಿತು. ಅಂದರೆ ‘ಬಸ್’ ನೌನ್. ‘ಅಡ್ಜಸ್ಟ್ ಮಾಡಿ’, ‘ಕನ್ಫರ್ಮ್ ಮಾಡಿ’ ಅನ್ನುತ್ತೇವೆ. ‘ಮಾಡು’ ಸೇರಿದ್ದರಿಂದ ಅವು ವರ್ಬ್ ಇರಬಹುದು. ‘ಸೀರಿಯಸ್ಸಾಗಿ ಓದು’ ಅನ್ನುವಾಗ ‘ಆಗಿ’ ಹಚ್ಚಿದೆವು. ಇಂಗ್ಲಿಷ್‌ನಲ್ಲಿ ಅದು ‘ಸೀರಿಯಸ್ಲಿ’, ಅಡ್ವರ್ಬ್. ‘ಸೀರಿಯಸ್ ವಿಷಯ’ ಅನ್ನುವಾಗ ಏನೂ ಹಚ್ಚದೆ ನೌನ್‌ನ ಮುಂದೆ ಇಟ್ಟೆವು, ಅಡ್ಜೆಕ್ಟಿವ್.

ಇದು ಸುಳಿವು ಮಾತ್ರ, ಪುರಾವೆ ಅಂತ ಹಿಡಿಯಬೇಡಿ. ‘ಟೆನ್ಷನ್ ಮಾಡ್ಕೋಬೇಡ’ ಅನ್ನುತ್ತೇವೆ, ಆದರೆ ‘ಟೆನ್ಷನ್’ ನೌನ್. ‘ಡೋಂಟ್ ಟೆನ್ಷನ್’ ಅಂತ ಇಂಗ್ಲಿಷ್‌ನಲ್ಲಿ ಹೇಳಲಾಗದು, ‘ಡೋಂಟ್ ವರಿ’ ಅನ್ನಬೇಕು. ಹಾಗೇ ‘ಬಸ್ ರಶ್ ಇದೆ’ ಅನ್ನುವುದನ್ನು ‘ದ ಬಸ್ ಈಸ್ ರಶ್’ ಅಂತ ಮಾಡಿದರೆ ತಪ್ಪು. ‘ರಶ್’ ಇಲ್ಲಿ ಗುಣ ಹೇಳುವ ಪದವಾಗುವುದಿಲ್ಲ. ‘ದ ಬಸ್ ಈಸ್ ಕ್ರೌಡೆಡ್’ ಅನ್ನಬೇಕು.

ಮೊದಲ ಹೆಜ್ಜೆ: ವರ್ಬ್ ಹಿಡಿಯಿರಿ

ಶಾಲೆಯ ಪುಸ್ತಕಗಳು ನೌನ್‌ನಿಂದ ಶುರು ಮಾಡುತ್ತವೆ. ನನ್ನ ಅಭಿಪ್ರಾಯದಲ್ಲಿ ದೊಡ್ಡವರು ವರ್ಬ್‌ನಿಂದ ಶುರು ಮಾಡಬೇಕು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ನಾನು ಕಾಫಿ ಕುಡಿದೆ’. ಇಂಗ್ಲಿಷ್‌ನಲ್ಲಿ ಅದು ನಡುವೆ ಬರುತ್ತದೆ, ‘ಐ ಡ್ರ್ಯಾಂಕ್ ಕಾಫಿ’. ವರ್ಬ್ ಸಿಕ್ಕಿತು ಅಂದರೆ ಸಾಮಾನ್ಯ ವಾಕ್ಯದಲ್ಲಿ ಅದರ ಎಡಕ್ಕೆ ಕೆಲಸ ಮಾಡಿದವರು, ಬಲಕ್ಕೆ ಉಳಿದದ್ದು. ಅರ್ಧ ವಾಕ್ಯ ಬಿಡಿಸಿದ ಹಾಗೆಯೇ.

ಹುಡುಕುವುದು ಹೇಗೆ? ವಾಕ್ಯದ ಕಾಲ ಬದಲಿಸಿ ನೋಡಿ. ‘ಶೀ ವಾಕ್ಸ್ ಟು ಆಫೀಸ್’ ಅಂತ ಇದೆ ಅನ್ನಿ. ಅದರ ಮುಂದೆ ‘ಎಸ್ಟರ್‌ಡೇ’ ಸೇರಿಸಿ. ‘ಎಸ್ಟರ್‌ಡೇ ಶೀ ವಾಕ್ಡ್ ಟು ಆಫೀಸ್’ ಆಯಿತು. ಬದಲಾದ ಪದ ‘ವಾಕ್ಸ್’, ಅದೇ ವರ್ಬ್. ಈಗ ‘ಶೀ ಗೋಸ್ ಫಾರ್ ಎ ವಾಕ್’ ತೆಗೆದುಕೊಳ್ಳಿ. ನಿನ್ನೆಗೆ ತಂದರೆ ‘ಶೀ ವೆಂಟ್ ಫಾರ್ ಎ ವಾಕ್’. ‘ವಾಕ್’ ಅಲುಗಾಡಲಿಲ್ಲ. ಇಲ್ಲಿ ಅದು ನೌನ್, ವರ್ಬ್ ‘ಗೋಸ್’. ‘ಪುಟ್’, ‘ಕಟ್’, ‘ಹಿಟ್’ ಥರದ ಕೆಲವು ವರ್ಬ್‌ಗಳು ನಿನ್ನೆಗೆ ಬಂದರೂ ಬದಲಾಗುವುದಿಲ್ಲ. ಆಗ ‘ಟುಮಾರೋ’ ಸೇರಿಸಿ. ‘ವಿಲ್’ ಯಾವ ಪದದ ಮುಂದೆ ಬಂದು ಕೂರುತ್ತದೋ ಅದು ವರ್ಬ್.

ಇನ್ನು ಕನ್ನಡದವರಿಗೆ ವಿಶೇಷವಾಗಿ ತೊಂದರೆ ಕೊಡುವ ಮೂರು ನಾಲ್ಕು ಜಾಗಗಳಿವೆ. ಇಲ್ಲಿ ನಿಧಾನ ಮಾಡಿ.

ಮೊದಲನೆಯದು. ಕನ್ನಡದಲ್ಲಿ ವರ್ಬ್ ಇಲ್ಲದೆಯೇ ವಾಕ್ಯ ಆಗುತ್ತದೆ. ‘ಅವರು ನಮ್ಮ ಮೇಷ್ಟ್ರು’, ‘ಇದು ನನ್ನ ಬೈಕು’, ‘ನಿಮ್ಮ ಹೆಸರೇನು?’ ಎಲ್ಲೂ ಕ್ರಿಯಾಪದ ಇಲ್ಲ, ಅಲ್ವಾ? ಇಂಗ್ಲಿಷ್‌ನಲ್ಲಿ ಅದಕ್ಕೆ ಅವಕಾಶ ಇಲ್ಲ. ‘ಹೀ ಈಸ್ ಅವರ್ ಟೀಚರ್’, ‘ದಿಸ್ ಈಸ್ ಮೈ ಬೈಕ್’. ಕೆಲಸ ಏನೂ ನಡೆಯದಿದ್ದರೂ ‘ಆ್ಯಮ್’, ‘ಈಸ್’, ‘ಆರ್’ ಇರಲೇಬೇಕು. ಇವು ‘ಬಿ’ ಅನ್ನುವ ಒಂದೇ ವರ್ಬ್‌ನ ರೂಪಗಳು. ಬಿ, ಆ್ಯಮ್, ಈಸ್, ಆರ್, ವಾಸ್, ವರ್, ಬೀಯಿಂಗ್, ಬೀನ್. ಒಟ್ಟು 8. ಬೇರೆ ವರ್ಬ್‌ಗಳಿಗೆ ಜಾಸ್ತಿ ಅಂದರೆ 5 ರೂಪ. ಗೋ, ಗೋಸ್, ವೆಂಟ್, ಗಾನ್, ಗೋಯಿಂಗ್. ಉರು ಹೊಡೆಯಲೇಬೇಕಾದದ್ದು ಅಂತ ಇದ್ದರೆ ಆ 8 ರೂಪಗಳನ್ನು ಹೊಡೆಯಿರಿ.

ಎರಡನೆಯದು. ಕನ್ನಡದ ಒಂದೇ ಕ್ರಿಯಾಪದದಲ್ಲಿ ಕಾಲ, ಲಿಂಗ, ವಚನ, ಇಲ್ಲ ಅನ್ನುವುದು ಎಲ್ಲ ತುಂಬಿರುತ್ತದೆ. ‘ಬರುತ್ತಿರಲಿಲ್ಲ’ ಅನ್ನುವ ಒಂದು ಪದಕ್ಕೆ ಇಂಗ್ಲಿಷ್‌ನಲ್ಲಿ ‘ವಾಸ್ ನಾಟ್ ಕಮಿಂಗ್’ ಅಂತ ಮೂರು ಪದ ಬೇಕು. ಹಾಗಾಗಿ ವರ್ಬ್ ಅಂದರೆ ಒಂದೇ ಪದ ಅಂತ ಅಂದುಕೊಳ್ಳಬೇಡಿ. ‘ಹೀ ಹ್ಯಾಸ್ ಬೀನ್ ವೇಟಿಂಗ್’ ಅನ್ನುವಲ್ಲಿ ‘ಹ್ಯಾಸ್ ಬೀನ್ ವೇಟಿಂಗ್’ ಮೂರೂ ಸೇರಿ ವರ್ಬ್. ಮೊದಲ ಎರಡು ಸಹಾಯಕ ವರ್ಬ್, ಕೊನೆಯದು ಮುಖ್ಯ ವರ್ಬ್. ಈ ಗುಂಪಿನಲ್ಲಿ ಕಾಲದ ಗುರುತನ್ನು ಮೊದಲ ಪದ ಒಂದೇ ಹೊರುತ್ತದೆ. ‘ಐ ಡಿಡ್ ನಾಟ್ ಕೇಮ್’ ತಪ್ಪಾಗುವುದು ಇದಕ್ಕೇ. ನಿನ್ನೆಯ ಗುರುತನ್ನು ‘ಡಿಡ್’ ಹೊತ್ತಾಯಿತು. ಮುಂದಿನದು ‘ಕಮ್’ ಆಗಿಯೇ ಉಳಿಯಬೇಕು.

ಮೂರನೆಯದು ‘ಇಂಗ್’ ಕೊನೆಯ ಪದಗಳು. ಇವನ್ನು ಕಂಡ ಕೂಡಲೇ ವರ್ಬ್ ಅಂತ ಬರೆಯುವವರು ಬಹಳ. ಗೇಟಿನ ಮೇಲೆ ‘ನೋ ಪಾರ್ಕಿಂಗ್’ ಅಂತ ಇದ್ದರೆ ಅಲ್ಲಿ ‘ಪಾರ್ಕಿಂಗ್’ ನೌನ್. ‘ನೋ’ ಅನ್ನುವುದು ನೌನ್‌ನ ಮುಂದೆ ಬರುವ ಪದ, ‘ನೋ ವಾಟರ್’, ‘ನೋ ಚೇಂಜ್’ ಅಂದ ಹಾಗೆ. ‘ಹೀ ಈಸ್ ಪಾರ್ಕಿಂಗ್ ದ ಬೈಕ್’ ಅಂದಾಗ ಎಡಕ್ಕೆ ‘ಈಸ್’ ಇದೆ, ಕೆಲಸ ನಡೆಯುತ್ತಿದೆ, ವರ್ಬ್. ‘ಇಂಗ್’ ಪದ ಒಂಟಿಯಾಗಿ ವಾಕ್ಯದ ಮುಖ್ಯ ವರ್ಬ್ ಆಗಲಾರದು. ‘ಹೀ ಕಮಿಂಗ್’ ಅನ್ನುವುದು ಅದಕ್ಕೇ ಅರ್ಧಕ್ಕೆ ನಿಂತ ಹಾಗೆ ಕೇಳಿಸುತ್ತದೆ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಕನ್ನಡದಲ್ಲಿ ಮನಸ್ಸಿಗೆ, ಮೈಗೆ ಆಗುವುದನ್ನೆಲ್ಲ ‘ನನಗೆ’ ಅಂತ ಶುರು ಮಾಡುತ್ತೇವೆ. ನನಗೆ ಹಸಿವಾಗಿದೆ, ನನಗೆ ಇಷ್ಟ, ನನಗೆ ಜ್ವರ, ನನಗೆ ಗೊತ್ತು. ನಾಲ್ಕೂ ಒಂದೇ ಅಚ್ಚಿನವು. ಇಂಗ್ಲಿಷ್‌ನಲ್ಲಿ ಈ ನಾಲ್ಕೂ ‘ಐ’ ಇಂದ ಶುರುವಾಗುತ್ತವೆ, ಆಮೇಲೆ ದಾರಿ ಬೇರೆಯಾಗುತ್ತದೆ. ‘ಐ ಆ್ಯಮ್ ಹಂಗ್ರಿ’, ಇಲ್ಲಿ ಹಸಿವು ಅಡ್ಜೆಕ್ಟಿವ್ ಆಗಿದೆ. ‘ಐ ಲೈಕ್ ಇಟ್’, ಇಷ್ಟ ವರ್ಬ್ ಆಗಿದೆ. ‘ಐ ಹ್ಯಾವ್ ಎ ಫೀವರ್’, ಜ್ವರ ನೌನ್ ಆಗಿಯೇ ಉಳಿದಿದೆ. ‘ಐ ನೋ’, ಗೊತ್ತು ಅನ್ನುವುದೂ ವರ್ಬ್. ಹಾಗಾಗಿ ಇಂಥ ಮಾತುಗಳನ್ನು ಪದಕ್ಕೆ ಪದ ಇಟ್ಟು ಕಟ್ಟಲು ಹೋಗಬೇಡಿ. ನೋಟ್‌ಬುಕ್‌ನಲ್ಲಿ ಒಂದು ಪುಟ ‘ನನಗೆ’ ವಾಕ್ಯಗಳಿಗೇ ಬಿಡಿ. ನೆಗಡಿ, ಬೇಜಾರು, ಸುಸ್ತು, ಭಯ, ನಾಚಿಕೆ, ನೆನಪು, ಅರ್ಥ ಆಗುವುದು ಎಲ್ಲವನ್ನೂ ಬರೆಯುತ್ತಾ ಹೋಗಿ, ಇಂಗ್ಲಿಷ್‌ನಲ್ಲಿ ಅದು ಯಾವ ಜಾತಿ ಅಂತ ಪಕ್ಕದಲ್ಲಿ ಗುರುತು ಹಾಕಿ. ಈ ಒಂದು ಪುಟ ಮಾತಾಡುವಾಗ ಬಹಳ ಸಹಾಯ ಮಾಡುತ್ತದೆ.

ಹೀಗೆ ಗೊತ್ತಿರುವುದು, ಇರುವುದು, ಇಷ್ಟ ಪಡುವುದು ಥರದ ಸ್ಥಿತಿ ಹೇಳುವ ವರ್ಬ್‌ಗಳಿಗೆ ಸಾಮಾನ್ಯವಾಗಿ ‘ಇಂಗ್’ ಹಚ್ಚುವುದಿಲ್ಲ. ‘ಐ ಆ್ಯಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಅಂತ ಇಂಟರ್‌ವ್ಯೂನಲ್ಲಿ ಹೇಳುವವರು ಬಹಳ. ‘ಐ ಹ್ಯಾವ್ ಟೂ ಸಿಸ್ಟರ್ಸ್’ ಸಾಕು. ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಮಾತ್ರ ಸರಿ. ಅಲ್ಲಿ ಊಟ ಮಾಡುವ ಕೆಲಸ ಈಗ ನಡೆಯುತ್ತಿದೆ.

ಎರಡನೇ ಹೆಜ್ಜೆ: ಯಾರು, ಏನು

ವರ್ಬ್ ಸಿಕ್ಕ ಮೇಲೆ ‘ಯಾರು?’, ‘ಏನು?’, ‘ಯಾರನ್ನು?’ ಅಂತ ಕೇಳಿ. ಉತ್ತರವಾಗಿ ಬರುವುದು ನೌನ್ ಅಥವಾ ಪ್ರೊನೌನ್. ಕನ್ನಡದ ನಾಮಪದ, ಸರ್ವನಾಮಗಳೇ ಇವು, ಹೊಸದೇನೂ ಇಲ್ಲ.

ನೌನ್‌ನಲ್ಲಿ ಗಮನಿಸಬೇಕಾದ್ದು ಎಣಿಸಬಹುದೋ ಇಲ್ಲವೋ ಅನ್ನುವುದು. ಹಾಲು, ಅಕ್ಕಿ, ನೀರು ಎಣಿಸಲಾಗದ್ದು ಅಂತ ನಮಗೂ ಗೊತ್ತು. ಆದರೆ ಇಂಗ್ಲಿಷ್‌ನಲ್ಲಿ ಲಗೇಜ್, ಫರ್ನಿಚರ್, ಇನ್ಫರ್ಮೇಷನ್, ಅಡ್ವೈಸ್, ಎಕ್ವಿಪ್‌ಮೆಂಟ್ ಕೂಡ ಎಣಿಸಲಾಗದ ಗುಂಪಿಗೆ ಸೇರಿವೆ. ‘ಟೂ ಲಗೇಜಸ್’ ಆಗದು, ‘ಟೂ ಬ್ಯಾಗ್ಸ್’ ಅನ್ನಿ. ‘ಫರ್ನಿಚರ್ಸ್’ ಅಂತ ಅಂಗಡಿ ಬೋರ್ಡಿನಲ್ಲಿ ಕಂಡರೂ ನೀವು ಬರೆಯುವಾಗ ‘ಎಸ್’ ಬಿಡಿ. ‘ನ್ಯೂಸ್’ ಕೊನೆಯಲ್ಲಿ ‘ಎಸ್’ ಇದ್ದರೂ ಏಕವಚನ, ‘ದ ನ್ಯೂಸ್ ಈಸ್ ಗುಡ್’. ಇನ್ನೊಂದು, ‘ಒನ್ ಆಫ್ ಮೈ’ ಅಂದ ಮೇಲೆ ಬಹುವಚನವೇ ಬರಬೇಕು, ‘ಒನ್ ಆಫ್ ಮೈ ಫ್ರೆಂಡ್ಸ್’. ನನ್ನ ಸ್ನೇಹಿತರಲ್ಲಿ ಒಬ್ಬ ಅಂತ ಕನ್ನಡದಲ್ಲೂ ಬಹುವಚನವೇ ಹೇಳುತ್ತೇವೆ.

ಹೆಸರುಗಳಿಗೆ ದೊಡ್ಡಕ್ಷರ ಬೇಕು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅನ್ನುವ ಭೇದವೇ ಇಲ್ಲದ್ದರಿಂದ ಕೈ ಮರೆಯುತ್ತದೆ. ಊರು, ವ್ಯಕ್ತಿಯ ಹೆಸರಿನ ಜೊತೆಗೆ ವಾರ, ತಿಂಗಳು, ಭಾಷೆಯ ಹೆಸರಿಗೂ ದೊಡ್ಡಕ್ಷರ ಹಾಕಬೇಕು. ‘ಐ’ ಅನ್ನುವ ಪ್ರೊನೌನ್ ವಾಕ್ಯದ ನಡುವೆ ಬಂದರೂ ದೊಡ್ಡದೇ.

ಕೆಲವು ಪದಗಳು ನೌನ್ ಆದಾಗ ಒಂದು ಥರ, ವರ್ಬ್ ಆದಾಗ ಇನ್ನೊಂದು ಥರ ಉಚ್ಚಾರವಾಗುತ್ತವೆ. ಆಟೋದವರ ‘ಪರ್ಮಿಟ್’ ಅನ್ನುವಾಗ ಒತ್ತು ಮೊದಲ ಭಾಗದ ಮೇಲೆ. ಅನುಮತಿ ಕೊಡು ಅನ್ನುವ ವರ್ಬ್ ಆದಾಗ ಒತ್ತು ‘ಮಿಟ್’ ಮೇಲೆ. ರೆಕಾರ್ಡ್, ಪ್ರೆಸೆಂಟ್, ಇನ್‌ಕ್ರೀಸ್ ಕೂಡ ಹೀಗೇ. ನೌನ್ ಆದರೆ ಮೊದಲಿಗೆ ಒತ್ತು, ವರ್ಬ್ ಆದರೆ ಕೊನೆಗೆ ಒತ್ತು. ಎಲ್ಲ ಪದಕ್ಕೂ ಈ ನಿಯಮ ಅನ್ವಯಿಸುವುದಿಲ್ಲ, ಆದರೆ ಈ ನಾಲ್ಕನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಕಿವಿ ತಾನಾಗೇ ಪಳಗುತ್ತದೆ.

ಪ್ರೊನೌನ್‌ಗೆ ಬಂದರೆ, ಇಂಗ್ಲಿಷ್‌ನಲ್ಲಿ ವಿಭಕ್ತಿ ಇನ್ನೂ ಚೆನ್ನಾಗಿ ಉಳಿದಿರುವುದು ಇಲ್ಲಿಯೇ. ನಾನು, ನನ್ನನ್ನು, ನನ್ನ ಅಂದ ಹಾಗೆ ಐ, ಮಿ, ಮೈ. ಅವನು, ಅವನನ್ನು, ಅವನ ಅಂದ ಹಾಗೆ ಹೀ, ಹಿಮ್, ಹಿಸ್. ವರ್ಬ್‌ನ ಎಡಕ್ಕೆ ಐ, ಹೀ, ಶೀ, ವೀ, ದೇ. ಬಲಕ್ಕೆ ಅಥವಾ ಪ್ರಿಪೊಸಿಷನ್ ಆದಮೇಲೆ ಮಿ, ಹಿಮ್, ಹರ್, ಅಸ್, ದೆಮ್. ಶಾಲೆಯಲ್ಲಿ ‘ಉ, ಅನ್ನು, ಇಂದ, ಗೆ’ ಅಂತ ಹೇಳಿಕೊಂಡ ನೆನಪಿದ್ದರೆ ಇದು ಅರ್ಧ ಗಂಟೆಯ ಕೆಲಸ.

ತೊಡಕು ಬೇರೆ ಕಡೆ ಇದೆ. ಕನ್ನಡದಲ್ಲಿ ‘ಬಂದೆ’ ಅಂದರೆ ಸಾಕು, ಬಂದದ್ದು ನಾನು ಅಂತ ಗೊತ್ತಾಗುತ್ತದೆ. ಇಂಗ್ಲಿಷ್‌ನಲ್ಲಿ ‘ಕೇಮ್’ ಅಂತ ಅಷ್ಟೇ ಅಂದರೆ ಯಾರು ಅಂತ ತಿಳಿಯುವುದಿಲ್ಲ. ‘ಐ ಕೇಮ್’ ಅನ್ನಲೇಬೇಕು. ಎಷ್ಟು ಕಟ್ಟುನಿಟ್ಟು ಅಂದರೆ, ಹೇಳಲು ಕರ್ತೃವೇ ಇಲ್ಲದ ಕಡೆಯೂ ‘ಇಟ್’ ಅಂತ ಒಂದನ್ನು ಕೂರಿಸುತ್ತಾರೆ. ‘ಇಟ್ ಈಸ್ ರೇನಿಂಗ್’, ‘ಇಟ್ ಈಸ್ ಟೆನ್ ಓ ಕ್ಲಾಕ್’. ಗೌರವದ ವಿಷಯವೂ ಕೇಳುತ್ತಾರೆ. ಹಿರಿಯರನ್ನು ‘ಹೀ’ ಅಂದರೆ ಏಕವಚನದಲ್ಲಿ ಕರೆದ ಹಾಗೆ ಆಗುವುದಿಲ್ಲವಾ ಅಂತ. ಆಗುವುದಿಲ್ಲ. ನೀನು, ನೀವು ಎರಡಕ್ಕೂ ‘ಯೂ’, ಒಬ್ಬ ಗಂಡಸನ್ನು ಅವನು ಅಂದರೂ ಅವರು ಅಂದರೂ ‘ಹೀ’. ಗೌರವವನ್ನು ‘ಸರ್’, ‘ಮೇಡಂ’, ‘ಪ್ಲೀಸ್’, ‘ಕುಡ್ ಯೂ’ ಥರದ ಮಾತುಗಳಿಂದ ತರಬೇಕು. ಪರಿಚಯ ಹೇಳಿಕೊಳ್ಳುವಾಗ ‘ಮೈಸೆಲ್ಫ್ ಮಂಜುನಾಥ್’ ಬೇಡ, ‘ಐ ಆ್ಯಮ್ ಮಂಜುನಾಥ್’ ಅನ್ನಿ. ‘ಮೈಸೆಲ್ಫ್’ ಅನ್ನುವುದಕ್ಕೆ ವಾಕ್ಯದಲ್ಲಿ ಮೊದಲೇ ‘ಐ’ ಇರಬೇಕು.

ಮೂರನೇ ಹೆಜ್ಜೆ: ನೌನ್‌ನ ಮುಂದೆ ಕೂತವರು

ಅಡ್ಜೆಕ್ಟಿವ್ ನಮಗೆ ಸುಲಭ. ದೊಡ್ಡ ಮನೆ, ದೊಡ್ಡ ಮನೆಗಳು. ಬಿಗ್ ಹೌಸ್, ಬಿಗ್ ಹೌಸಸ್. ಎರಡೂ ಭಾಷೆಯಲ್ಲಿ ನೌನ್‌ನ ಮುಂದೆ, ಎರಡರಲ್ಲೂ ಬದಲಾಗದೆ. ಹೋಲಿಸುವಾಗ ಮಾತ್ರ ಬಿಗ್, ಬಿಗರ್, ಬಿಗೆಸ್ಟ್ ಆಗುತ್ತದೆ, ದೊಡ್ಡ ಪದ ಆದರೆ ‘ಮೋರ್’ ಸೇರಿಸಬೇಕು. ಎರಡನ್ನೂ ಒಟ್ಟಿಗೆ ಹಾಕಿ ‘ಮೋರ್ ಬೆಟರ್’ ಅನ್ನಬಾರದು. ‘ಬೋರ್ಡ್’ ಮತ್ತು ‘ಬೋರಿಂಗ್’ ಜೋಡಿಯಲ್ಲಿ ಎಚ್ಚರ ಇರಲಿ. ಬೇಜಾರಾದವರು ‘ಬೋರ್ಡ್’, ಬೇಜಾರು ತರಿಸುವುದು ‘ಬೋರಿಂಗ್’. ‘ಐ ಆ್ಯಮ್ ಬೋರಿಂಗ್’ ಅಂದರೆ ನಾನೇ ಜನರಿಗೆ ಬೋರ್ ಹೊಡೆಸುತ್ತೇನೆ ಅಂತ ಅರ್ಥ.

ಎ, ಆ್ಯನ್, ದ ಅನ್ನುವ ಆರ್ಟಿಕಲ್‌ಗಳೂ ನೌನ್‌ನ ಮುಂದೆಯೇ ಬರುತ್ತವೆ. ಹಳೆಯ ಪುಸ್ತಕಗಳು ಇವನ್ನು ಅಡ್ಜೆಕ್ಟಿವ್ ಗುಂಪಿಗೆ ಸೇರಿಸುತ್ತವೆ. ಈಗಿನವು ‘ದಿಸ್’, ‘ಮೈ’, ‘ಸಮ್’ ಜೊತೆಗೆ ಡಿಟರ್ಮಿನರ್ ಅಂತ ಬೇರೆ ಗುಂಪು ಮಾಡುತ್ತವೆ. ಮಗುವಿನ ಪುಸ್ತಕದಲ್ಲಿ ಒಂಬತ್ತನೇ ಹೆಸರು ಕಂಡರೆ ಗಾಬರಿ ಬೇಡ. ಎಂಟು ಅನ್ನುವ ಲೆಕ್ಕ ಕ್ರಿಸ್ತಪೂರ್ವದ ಗ್ರೀಕ್ ವ್ಯಾಕರಣದಿಂದ ಬಂದದ್ದು. ಆ ಎಂಟರಲ್ಲಿ ಆರ್ಟಿಕಲ್ ಇತ್ತು. ಲ್ಯಾಟಿನ್‌ನಲ್ಲಿ ಆರ್ಟಿಕಲ್ ಇಲ್ಲದ್ದರಿಂದ ಆ ಜಾಗಕ್ಕೆ ಇಂಟರ್ಜೆಕ್ಷನ್ ಬಂತು. ಲೆಕ್ಕ ಆಗಿನಿಂದಲೂ ಬದಲಾಗುತ್ತಲೇ ಇದೆ.

‘ಎ’ ಬೇಕೋ ‘ಆ್ಯನ್’ ಬೇಕೋ ಅನ್ನುವುದನ್ನು ಅಕ್ಷರ ನೋಡಿ ತೀರ್ಮಾನಿಸಬೇಡಿ, ಸದ್ದು ಕೇಳಿ. ಆ್ಯನ್ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆ್ಯನ್ ಎಂಎಲ್ಎ, ಆ್ಯನ್ ಅವರ್ (ಗಂಟೆ). ಇವೆಲ್ಲ ಬಾಯಲ್ಲಿ ಸ್ವರದಿಂದ ಶುರುವಾಗುತ್ತವೆ. ಎ ಯುಪಿಐ ಪೇಮೆಂಟ್, ಎ ಯೂನಿಫಾರ್ಮ್. ಬರೆಯುವಾಗ ಸ್ವರಾಕ್ಷರ ಇದ್ದರೂ ಬಾಯಲ್ಲಿ ‘ಯ’ ಸದ್ದು. ಕನ್ನಡದಲ್ಲಿ ಬರೆದುಕೊಂಡು ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಮೊದಲ ಅಕ್ಷರ ಅ ಇಂದ ಔ ವರೆಗಿನದಾದರೆ ಸಾಮಾನ್ಯವಾಗಿ ‘ಆ್ಯನ್’.

ನಾಲ್ಕನೇ ಹೆಜ್ಜೆ: ಹೇಗೆ, ಎಷ್ಟು ಸಲ

ವರ್ಬ್‌ಗೆ ‘ಹೇಗೆ?’, ‘ಯಾವಾಗ?’, ‘ಎಲ್ಲಿ?’, ‘ಎಷ್ಟು ಸಲ?’ ಅಂತ ಕೇಳಿದರೆ ಒಂದೇ ಪದದಲ್ಲಿ ಬರುವ ಉತ್ತರ ಸಾಮಾನ್ಯವಾಗಿ ಅಡ್ವರ್ಬ್. ನಾವು ‘ಆಗಿ’ ಹಚ್ಚುವ ಕಡೆ ಅವರು ಬಹಳ ಸಲ ‘ಲಿ’ ಹಚ್ಚುತ್ತಾರೆ. ಆದರೆ ‘ಲಿ’ ಇದ್ದದ್ದೆಲ್ಲ ಅಡ್ವರ್ಬ್ ಅಲ್ಲ. ‘ಫ್ರೆಂಡ್ಲಿ’, ‘ಲವ್ಲಿ’ ಅಡ್ಜೆಕ್ಟಿವ್. ‘ಫಾಸ್ಟ್’ ಎರಡೂ ಆಗುತ್ತದೆ, ‘ಫಾಸ್ಟ್‌ಲಿ’ ಅನ್ನುವ ಪದ ಬಳಕೆಯಲ್ಲಿಲ್ಲ. ‘ಹಾರ್ಡ್’ ಮತ್ತು ‘ಹಾರ್ಡ್ಲಿ’ ವಿಷಯದಲ್ಲಿ ಹುಷಾರು. ‘ಹೀ ವರ್ಕ್ಸ್ ಹಾರ್ಡ್’ ಅಂದರೆ ಕಷ್ಟಪಟ್ಟು ಕೆಲಸ ಮಾಡುತ್ತಾನೆ. ‘ಹೀ ಹಾರ್ಡ್ಲಿ ವರ್ಕ್ಸ್’ ಅಂದರೆ ಕೆಲಸ ಮಾಡುವುದೇ ಅಪರೂಪ.

ಐದನೇ ಹೆಜ್ಜೆ: ಪ್ರಿಪೊಸಿಷನ್

ಇಲ್ಲಿ ಮತ್ತೆ ನಿಧಾನ. ಕನ್ನಡದಲ್ಲಿ ನೌನ್ ಆದಮೇಲೆ ಅಂಟಿಕೊಂಡು ಬರುವುದು ಇಂಗ್ಲಿಷ್‌ನಲ್ಲಿ ನೌನ್‌ಗಿಂತ ಮೊದಲು ಬಿಡಿಯಾಗಿ ಬರುತ್ತದೆ. ‘ಮನೆಗೆ’ ಅನ್ನುವುದು ‘ಟು ದ ಹೌಸ್’, ‘ಮಳೆಯಿಂದ’ ಅನ್ನುವುದು ‘ಫ್ರಮ್ ದ ರೇನ್’. ಇಷ್ಟೇ ಆಗಿದ್ದರೆ ಸುಲಭವಿತ್ತು. ನಮ್ಮ ಒಂದು ಪ್ರತ್ಯಯಕ್ಕೆ ಅವರಲ್ಲಿ ಎರಡು ಮೂರು ಪದ ಇರುವುದು ಕಷ್ಟ.

‘ಅಲ್ಲಿ’ ಅನ್ನುವುದನ್ನೇ ನೋಡಿ. ಜಯನಗರದಲ್ಲಿ, ಎಂ.ಜಿ. ರೋಡಿನಲ್ಲಿ, ಸಿಗ್ನಲ್‌ನಲ್ಲಿ. ನಮಗೆ ಎಲ್ಲವೂ ‘ಅಲ್ಲಿ’. ಇಂಗ್ಲಿಷ್‌ನಲ್ಲಿ ‘ಇನ್ ಜಯನಗರ್’, ‘ಆನ್ ಎಂ.ಜಿ. ರೋಡ್’, ‘ಆ್ಯಟ್ ದ ಸಿಗ್ನಲ್’. ಸುತ್ತ ಆವರಿಸಿದ ಜಾಗಕ್ಕೆ ‘ಇನ್’, ಉದ್ದ ಗೆರೆಗೆ ಅಥವಾ ಮೇಲ್ಮೈಗೆ ‘ಆನ್’, ಒಂದು ಬಿಂದುವಿಗೆ ‘ಆ್ಯಟ್’. ಸಮಯಕ್ಕೂ ಹೀಗೇ. ‘ಇನ್ 2024’, ‘ಇನ್ ಮಾರ್ಚ್’, ‘ಆನ್ ಮಂಡೇ’, ‘ಆ್ಯಟ್ 9 ಓ ಕ್ಲಾಕ್’. ದೊಡ್ಡದರಿಂದ ಚಿಕ್ಕದಕ್ಕೆ ಇನ್, ಆನ್, ಆ್ಯಟ್ ಅಂತ ನೆನಪಿಡಿ. ವಾಹನದಲ್ಲಿ ಎದ್ದು ಓಡಾಡುವಷ್ಟು ಜಾಗ ಇದ್ದರೆ ‘ಆನ್ ದ ಬಸ್’, ‘ಆನ್ ದ ಮೆಟ್ರೋ’. ಮುದುಡಿ ಕೂರಬೇಕಾದರೆ ‘ಇನ್ ದ ಆಟೋ’, ‘ಇನ್ ದ ಕಾರ್’.

‘ಇಂದ’ ಕೂಡ ಹೀಗೇ ಕಾಡುತ್ತದೆ. ‘ಎರಡು ವರ್ಷದಿಂದ ಇಲ್ಲಿದ್ದೇನೆ’, ‘2022ರಿಂದ ಇಲ್ಲಿದ್ದೇನೆ’. ಮೊದಲನೆಯದು ಎಷ್ಟು ಹೊತ್ತು ಅಂತ ಹೇಳುತ್ತದೆ, ಅದಕ್ಕೆ ‘ಫಾರ್ ಟೂ ಇಯರ್ಸ್’. ಎರಡನೆಯದು ಶುರುವಾದ ಸಮಯ ಹೇಳುತ್ತದೆ, ಅದಕ್ಕೆ ‘ಸಿನ್ಸ್ 2022’. ‘ಸಿನ್ಸ್ ಟೂ ಇಯರ್ಸ್’ ಅನ್ನುವುದು ಈ ಊರಿನಲ್ಲಿ ದಿನವೂ ಕಿವಿಗೆ ಬೀಳುವ ತಪ್ಪು.

ಪ್ರಿಪೊಸಿಷನ್ ಬೇಡದ ಕಡೆ ಹಾಕುವುದು, ಒಂದರ ಬದಲು ಇನ್ನೊಂದು ಹಾಕುವುದೂ ಇದೆ. ವಿಷಯದ ‘ಬಗ್ಗೆ’ ಚರ್ಚಿಸಿದೆವು ಅಂತ ನಾವು ಹೇಳುವುದರಿಂದ ‘ಡಿಸ್ಕಸ್ ಅಬೌಟ್’ ಬರುತ್ತದೆ. ‘ವೀ ಡಿಸ್ಕಸ್ಡ್ ದ ಪ್ರಾಬ್ಲಮ್’ ಅಷ್ಟೇ ಸಾಕು. ‘ಜೊತೆ’ ಮದುವೆ ಆಯಿತು ಅನ್ನುವುದರಿಂದ ‘ಮ್ಯಾರೀಡ್ ವಿತ್’ ಬರುತ್ತದೆ. ‘ಮ್ಯಾರೀಡ್ ಟು’ ಅನ್ನಬೇಕು. ಇಂಥವಕ್ಕೆ ನಿಯಮ ಹುಡುಕುತ್ತಾ ಕೂರಬೇಡಿ. ಪದ ಕಲಿಯುವಾಗಲೇ ಅದರ ಜೊತೆಗಾರನನ್ನೂ ಸೇರಿಸಿ ಕಲಿಯಿರಿ. ಡಿಪೆಂಡ್ ಆನ್, ವೇಟ್ ಫಾರ್, ಲಿಸನ್ ಟು, ಗುಡ್ ಆ್ಯಟ್.

ಉಳಿದ ಎರಡು

ಕಂಜಂಕ್ಷನ್ ಎರಡನ್ನು ಜೋಡಿಸುವ ಪದ. ‘ಅಕ್ಕನೂ ತಂಗಿಯೂ’ ಅಂತ ನಾವು ಎರಡಕ್ಕೂ ‘ಊ’ ಹಚ್ಚುತ್ತೇವೆ, ಅವರು ನಡುವೆ ಒಂದೇ ‘ಆ್ಯಂಡ್’ ಇಡುತ್ತಾರೆ. ‘ಬಂದರೆ’ ಅನ್ನುವುದರ ‘ರೆ’ ಅವರಲ್ಲಿ ವಾಕ್ಯದ ಮುಂದೆ ‘ಇಫ್’ ಆಗುತ್ತದೆ. ‘ಆಲ್ದೋ’ ಹಾಕಿದ ಮೇಲೆ ಅದೇ ವಾಕ್ಯದಲ್ಲಿ ‘ಬಟ್’ ಬೇಡ, ಒಂದು ಸಾಕು.

ಇಂಟರ್ಜೆಕ್ಷನ್ ಅಂದರೆ ಅಯ್ಯೋ, ಅಬ್ಬಾ, ಛೇ. ಇದರ ಮೇಲೆ ಸಮಯ ಕಳೆಯಬೇಡಿ.

ಅಭ್ಯಾಸ ಎಲ್ಲಿ ಮಾಡುವುದು

ಬೆಂಗಳೂರಿನ ಬೀದಿಯಲ್ಲಿ ಇಂಗ್ಲಿಷ್ ಬೋರ್ಡ್‌ಗಳಿಗೆ ಬರವಿಲ್ಲ. ಬಸ್ಸಿನಲ್ಲಿ ಕೂತಾಗ ಒಂದು ಬೋರ್ಡ್ ಹಿಡಿದು ಅದರ ಪದಗಳ ಕೆಲಸ ಕೇಳಿಕೊಳ್ಳಿ. ಮೆಟ್ರೋದಲ್ಲಿ ‘ಡೋರ್ಸ್ ವಿಲ್ ಓಪನ್ ಆನ್ ದ ರೈಟ್’ ಅಂತ ಕೇಳುತ್ತೀರಿ. ‘ವಿಲ್ ಓಪನ್’ ವರ್ಬ್, ಎಡಕ್ಕೆ ‘ಡೋರ್ಸ್’ ನೌನ್, ‘ಆನ್’ ಪ್ರಿಪೊಸಿಷನ್. ‘ರೈಟ್’ ಎಡಕ್ಕೆ ‘ದ’ ಇರುವುದರಿಂದ ಅದೂ ನೌನ್. ಇಳಿದು ಆಟೋದವರಿಗೆ ‘ಟರ್ನ್ ರೈಟ್’ ಅಂದರೆ ಅದೇ ‘ರೈಟ್’ ಅಡ್ವರ್ಬ್. ಅಂಗಡಿ ಬಾಗಿಲಲ್ಲಿ ನೇತಾಡುವ ‘ಓಪನ್’ ಬೋರ್ಡಿನಲ್ಲಿ ‘ಓಪನ್’ ಅಡ್ಜೆಕ್ಟಿವ್. ಅಂಗಡಿಯ ಸ್ಥಿತಿ ಹೇಳುತ್ತಿದೆ.

ಅನುಮಾನ ಬಂದರೆ ಫೋನಿನ ಡಿಕ್ಷನರಿ ತೆರೆಯಿರಿ. ಅರ್ಥಕ್ಕೆ ಹಾರುವ ಮೊದಲು ಪದದ ಪಕ್ಕದಲ್ಲಿ ಚಿಕ್ಕದಾಗಿ ಬರೆದ ಜಾತಿ ಓದಿ. ಅಚ್ಚಿನ ಕೆಲವು ಡಿಕ್ಷನರಿಗಳಲ್ಲಿ ನೌನ್‌ಗೆ ‘ಎನ್’, ವರ್ಬ್‌ಗೆ ‘ವಿ’ ಅಂತ ಒಂದೇ ಅಕ್ಷರ ಇರುತ್ತದೆ. ಒಂದೇ ಪದಕ್ಕೆ ಎರಡು ಮೂರು ಜಾತಿ ಕೊಟ್ಟಿದ್ದರೆ ನಿಮ್ಮ ವಾಕ್ಯಕ್ಕೆ ಹೊಂದುವುದನ್ನು ಆರಿಸಿ, ಆಮೇಲೆ ಅರ್ಥ ಓದಿ.

ಈಗ ಪಿಜಿಗಳ ಗೋಡೆಯ ಮೇಲೆ ಇರುವಂಥ ಒಂದು ಸೂಚನೆ ಪೂರ್ತಿ ಬಿಡಿಸೋಣ. ‘ಪ್ಲೀಸ್ ಸ್ವಿಚ್ ಆಫ್ ದ ಲೈಟ್ಸ್ ಬಿಫೋರ್ ಯೂ ಲೀವ್ ದ ರೂಮ್.’

ಮೊದಲು ವರ್ಬ್. ಎರಡು ಸಿಗುತ್ತವೆ, ‘ಸ್ವಿಚ್ ಆಫ್’ ಮತ್ತು ‘ಲೀವ್’. ‘ಆಫ್’ ಇಲ್ಲಿ ‘ಸ್ವಿಚ್’ಗೆ ಅಂಟಿಕೊಂಡ ಭಾಗ, ಎರಡನ್ನೂ ಸೇರಿಸಿ ಒಂದೇ ವರ್ಬ್ ಅಂತ ಹಿಡಿಯಿರಿ. ‘ಸ್ವಿಚ್’ ಎಡಕ್ಕೆ ಕರ್ತೃ ಇಲ್ಲ. ಆಜ್ಞೆ, ಕೋರಿಕೆಯ ವಾಕ್ಯದಲ್ಲಿ ‘ಯೂ’ ಹೇಳದೆಯೇ ಇರುತ್ತದೆ. ಕರ್ತೃ ಬಿಡಬಹುದಾದ ಅಪರೂಪದ ಜಾಗ ಇದು. ‘ಲೀವ್’ ಎಡಕ್ಕೆ ‘ಯೂ’ ಇದೆ, ಪ್ರೊನೌನ್. ‘ಲೈಟ್ಸ್’, ‘ರೂಮ್’ ಎರಡೂ ನೌನ್, ಎರಡರ ಮುಂದೆಯೂ ‘ದ’ ಇದೆ. ‘ಪ್ಲೀಸ್’ ಕೋರಿಕೆಯ ಪದ, ಡಿಕ್ಷನರಿಗಳು ಅದನ್ನು ಅಡ್ವರ್ಬ್ ಅಥವಾ ಇಂಟರ್ಜೆಕ್ಷನ್ ಅನ್ನುತ್ತವೆ.

ಉಳಿದದ್ದು ‘ಬಿಫೋರ್’. ಅದರ ಬಲಕ್ಕೆ ‘ಯೂ ಲೀವ್ ದ ರೂಮ್’ ಅಂತ ಇಡೀ ವಾಕ್ಯವೇ ಇದೆ, ವರ್ಬ್ ಸಮೇತ. ಹಾಗಾಗಿ ಇದು ಕಂಜಂಕ್ಷನ್. ಅದೇ ಗೋಡೆಯಲ್ಲಿ ‘ಕಮ್ ಬ್ಯಾಕ್ ಬಿಫೋರ್ 10 ಪಿಎಂ’ ಅಂತ ಇನ್ನೊಂದು ಸಾಲು ಇದೆ ಅನ್ನಿ. ಅಲ್ಲಿ ‘ಬಿಫೋರ್’ ಬಲಕ್ಕೆ ಬರೀ ಸಮಯ ಇದೆ, ವರ್ಬ್ ಇಲ್ಲ. ಅಲ್ಲಿ ಅದು ಪ್ರಿಪೊಸಿಷನ್. ‘ಐ ಹ್ಯಾವ್ ಸೀನ್ ಹಿಮ್ ಬಿಫೋರ್’ ಅಂದರೆ ಅದರ ಬಲಕ್ಕೆ ಏನೂ ಇಲ್ಲ, ಯಾವಾಗ ಅನ್ನುವುದಕ್ಕೆ ಅದೊಂದೇ ಉತ್ತರ, ಅಡ್ವರ್ಬ್.

ಈಗ ಬಲಕ್ಕೆ ಇಡೀ ವಾಕ್ಯ ಇದೆಯಾ, ಬರೀ ನೌನ್ ಅಥವಾ ಸಮಯ ಇದೆಯಾ, ಏನೂ ಇಲ್ಲವಾ ಅನ್ನುವ ಇದೇ ಮೂರು ಪ್ರಶ್ನೆಯನ್ನು ‘ಆಫ್ಟರ್’ ಮತ್ತು ‘ಸಿನ್ಸ್’ ಪದಗಳಿಗೆ ನೀವೇ ಕೇಳಿ. ಒಂದೊಂದಕ್ಕೂ ಮೂರು ವಾಕ್ಯ ಬರೆಯಿರಿ. ‘ಆಫ್ಟರ್ ಲಂಚ್’, ‘ಆಫ್ಟರ್ ಐ ಹ್ಯಾಡ್ ಲಂಚ್’ ಅಂತ ಶುರು ಮಾಡಿದರೆ ಮುಂದಿನದು ಹೊಳೆಯುತ್ತದೆ.